ಹೋಗುವಾಗ ಎಫ್, ಬರುವಾಗ ಎ

ಕಿಟಕಿ ಸೀಟೇ ಬೇಕೆಂದು ಟಿಕೆಟಿನ ಮೇಲೆ ನಾನೂರು ರೂಪಾಯಿ ಹೆಚ್ಚು ಕೊಟ್ಟಿದ್ದೆ. ನಸುಕಿನ ಮೂರಕ್ಕೆ ಎದ್ದು, ದೇವನಹಳ್ಳಿ ಸೇರಿ, ತಪಾಸಣೆಯಲ್ಲಿ ಬೆಲ್ಟು ಬಿಚ್ಚಿ ಮತ್ತೆ ಬಿಗಿದುಕೊಂಡು, ಸಾಲಿನಲ್ಲಿ ನೂಕಿಸಿಕೊಂಡು, ಅಂತೂ 11-ಎ ಎಂಬ ನನ್ನ ಜಾಗದಲ್ಲಿ ಕೂತು ಎಡಕ್ಕೆ ತಿರುಗಿದರೆ ಅಲ್ಲಿ ಕಿಟಕಿ ಇಲ್ಲ. ಗೋಡೆ. ತಿಳಿ ಬೂದು ಬಣ್ಣದ, ನುಣುಪಾದ, ಒಳ್ಳೆಯ ಪ್ಲಾಸ್ಟಿಕ್ ಗೋಡೆ. ಮುಂದಿನ ಸಾಲಿನವರಿಗೆ ಕಿಟಕಿ ಇದೆ, ಹಿಂದಿನವರಿಗೂ ಇದೆ. ನನಗೊಬ್ಬನಿಗೆ ಮಾತ್ರ ಮದುವೆಮನೆಯಲ್ಲಿ ಎಲೆ ಹಾಕಿ ಬಡಿಸುವುದನ್ನು ಮರೆತಂತಾಗಿತ್ತು. ಗಗನಸಖಿಯನ್ನು ಕರೆದು ತೋರಿಸಿದೆ. ಆಕೆ ಸೀಟಿನ ಸಂಖ್ಯೆ ನೋಡಿ, ನನ್ನ ಚೀಟಿ ನೋಡಿ, ನಗುತ್ತಲೇ ಹೇಳಿದಳು: ‘ಸರ್, ಇದು ವಿಂಡೋ ಸೀಟೇ.’

ಆಕೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ವಿಮಾನ ಕಂಪನಿಗಳ ಭಾಷೆಯಲ್ಲಿ ಗೋಡೆಗೆ ತಾಗಿದ್ದೆಲ್ಲ ಕಿಟಕಿ ಸೀಟು. ಬೋಯಿಂಗ್ 737ರ ಹಲವು ಮಾದರಿಗಳಲ್ಲಿ ರೆಕ್ಕೆಗಿಂತ ಸ್ವಲ್ಪ ಮುಂದೆ ಹವಾನಿಯಂತ್ರಣದ ಕೊಳವೆ ಹೊಟ್ಟೆಯಿಂದ ಮೇಲ್ಛಾವಣಿಗೆ ಹತ್ತುತ್ತದೆ. ಕೊಳವೆ ಹಾದುಹೋಗುವ ಕಡೆ ಕಿಟಕಿ ಕೊರೆಯುವಂತಿಲ್ಲ. ಹೀಗಾಗಿ ಹತ್ತು, ಹನ್ನೊಂದನೇ ಸಾಲಿನ ಆಸುಪಾಸಿನಲ್ಲಿ ಒಂದು ಕುರುಡು ಸೀಟು ಹುಟ್ಟಿಕೊಳ್ಳುತ್ತದೆ. ಏರ್‌ಬಸ್‌ನಲ್ಲಿ ತೊಂದರೆ ಬೇರೆ ಬಗೆಯದು. ಎ320ರ ಕಿಟಕಿಗಳು 21 ಇಂಚಿಗೊಂದರಂತೆ ಇರುತ್ತವೆ. ಆ ಅಳತೆಯನ್ನು ವಿಮಾನ ಕಟ್ಟಿದವರು ನಿಗದಿ ಮಾಡಿದ್ದಾರೆ, ಅದು ಬದಲಾಗುವುದಿಲ್ಲ. ಸೀಟುಗಳ ಸಾಲನ್ನು ಜೋಡಿಸುವುದು ವಿಮಾನ ಕೊಂಡ ಕಂಪನಿ, 28, 29, 30 ಇಂಚು, ಅವರವರ ಲಾಭಕ್ಕೆ ತಕ್ಕಂತೆ. ಎರಡು ಅಳತೆಗಳೂ ಎಲ್ಲಿ ಕೂಡುತ್ತವೋ ಅಲ್ಲಿ ಕೂತವನು ಪುಣ್ಯವಂತ. ಉಳಿದವರಿಗೆ ಕಿಟಕಿ ಕಿವಿಯ ಹಿಂದೋ ಮೊಣಕಾಲಿನ ಮುಂದೋ ಬರುತ್ತದೆ.

ಆ ದಿನ ಎರಡು ಗಂಟೆ ಗೋಡೆ ನೋಡುತ್ತ ಕೂತವನಿಗೆ ಒಂದು ಹಠ ಬಂತು. ಅಂದಿನಿಂದ ಸೀಟು ಆಯುವ ಮೊದಲು ಲೆಕ್ಕ ಹಾಕುತ್ತೇನೆ. ಮನೆಯವರು ಇದನ್ನು ಹುಚ್ಚು ಎನ್ನುತ್ತಾರೆ. ಜಾತಕ ನೋಡುವವರಂತೆ ದಿಕ್ಕು, ಸೂರ್ಯ, ಗಾಳಿ ಎಂದೆಲ್ಲ ಗುನುಗುತ್ತ ಕೂರುವುದರಿಂದ ಹಾಗೆ ಅನ್ನುತ್ತಾರೇನೋ.

ಮೊದಲಿಗೆ ರೆಕ್ಕೆ. ನಮ್ಮಲ್ಲಿ ಹೆಚ್ಚಾಗಿ ಹಾರುವ ಎ320 ಜಾತಿಯ ವಿಮಾನದಲ್ಲಿ ಮೂವತ್ತರಷ್ಟು ಸಾಲುಗಳಿರುತ್ತವೆ. ಸುಮಾರು ಹತ್ತನೆಯದರಿಂದ ಇಪ್ಪತ್ತರವರೆಗೆ ಕೆಳಗೆ ನೋಡಿದರೆ ಕಾಣುವುದು ರೆಕ್ಕೆಯೇ. ತುರ್ತು ನಿರ್ಗಮನದ ಸಾಲೂ ಅಲ್ಲೇ ಇದೆ. ಕಾಲು ಚಾಚಲು ಜಾಗವಿದೆ ಎಂದು ಅದಕ್ಕೆ ಹೆಚ್ಚು ದುಡ್ಡು ಕೇಳುತ್ತಾರೆ. ಕೊಟ್ಟವರು ಕಾಲು ಚಾಚಿಕೊಂಡು ಅಲ್ಯೂಮಿನಿಯಂ ತಗಡನ್ನು ನೋಡುತ್ತ ಹೋಗಬೇಕು. ರೆಕ್ಕೆಯ ಹಿಂದೆ ಕೂತರೆ ನೆಲ ಕಾಣುತ್ತದೆ, ಆದರೆ ಎಂಜಿನ್ನಿನಿಂದ ಹೊರಬೀಳುವ ಬಿಸಿಗಾಳಿ ಆ ನೋಟಕ್ಕೆ ಅಡ್ಡ ಬರುತ್ತದೆ. ಒಲೆಯ ಮೇಲಿನ ಗಾಳಿ ನಡುಗಿದಂತೆ ಊರು, ಗದ್ದೆ ಎಲ್ಲ ನಡುಗುತ್ತವೆ. ಫೋಟೊ ತೆಗೆಯುವವರಿಗೆ ಅದು ಕೆಲಸಕ್ಕೆ ಬಾರದು. ರೆಕ್ಕೆಯ ಮುಂದೆ, ಎಂಟನೇ ಸಾಲಿನೊಳಗೆ ಸಿಕ್ಕರೆ ಒಳ್ಳೆಯದು.

ಇಷ್ಟು ಯಾರಾದರೂ ಹೇಳಿಯಾರು. ಯಾವ ಕಡೆ ಕೂರಬೇಕು ಎಂಬಲ್ಲಿಂದ ಮುಂದೆ ನಿಜವಾದ ಲೆಕ್ಕ ಶುರು. ಟಿಕೆಟ್ ಕೊಳ್ಳುವಾಗ ಪರದೆಯ ಮೇಲೆ ಸೀಟುಗಳ ನಕ್ಷೆ ಬರುತ್ತದಲ್ಲ, ಅದರಲ್ಲಿ ಶೌಚಾಲಯ ಎಲ್ಲಿದೆ ಎಂದು ತೋರಿಸಿರುತ್ತಾರೆ, ಯಾವ ಸೀಟು ಹಿಂದಕ್ಕೆ ಬಾಗುವುದಿಲ್ಲ ಎಂದೂ ಕೆಲವರು ಹೇಳುತ್ತಾರೆ. ಉತ್ತರ ಯಾವ ಕಡೆ ಎಂದು ಮಾತ್ರ ಯಾರೂ ಬರೆದಿರುವುದಿಲ್ಲ. ಮೂಗಿನ ಕಡೆಗೆ ಮುಖ ಮಾಡಿ ಕೂತಾಗ ಎಡಗೈ ತುದಿಯ ಕಿಟಕಿ ಎ, ಬಲಗೈ ತುದಿಯದು ಎಫ್. ದೊಡ್ಡ ವಿಮಾನಗಳಲ್ಲಿ ಬಲದ ಅಕ್ಷರ ಬೇರೆ ಇರಬಹುದು, ಎ ಮಾತ್ರ ಎಡಕ್ಕೇ.

ದಿಕ್ಕು ನಮಗೆ ಹೊಸದೇನಲ್ಲ. ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಎಡ ಬಲ ಎಂದು ದಾರಿ ಹೇಳುವವರಿಗಿಂತ ಮೂಡಲ ಮನೆ, ಪಡುವಣ ಓಣಿ ಎಂದು ಹೇಳುವ ಹಿರಿಯರೇ ಹೆಚ್ಚು. ಕರಾವಳಿಯಲ್ಲಂತೂ ಆಟಕ್ಕೂ ದಿಕ್ಕಿದೆ, ಯಕ್ಷಗಾನದಲ್ಲಿ ತೆಂಕುತಿಟ್ಟು, ಬಡಗುತಿಟ್ಟು. ನನ್ನ ಪಾಲಿಗೆ ಇದಕ್ಕಿಂತ ಸುಲಭದ ಸೂತ್ರ ಸಿಕ್ಕಿಲ್ಲ. ಬೆಂಗಳೂರಿನಿಂದ ಮಂಗಳೂರಿಗೆ ಪಶ್ಚಿಮಕ್ಕೆ ಹಾರುವ ವಿಮಾನದಲ್ಲಿ ಎ ಸೀಟು ತೆಂಕುತಿಟ್ಟು, ಎಫ್ ಸೀಟು ಬಡಗುತಿಟ್ಟು. ಮರಳಿ ಬರುವಾಗ ಅದಲು ಬದಲು. ಹೋಗುವಾಗ ಚೆನ್ನಾಗಿತ್ತೆಂದು ಬರುವಾಗಲೂ ಎಫ್ ಹಿಡಿದವರು ಬೇರೆಯೇ ಸೀಮೆಯನ್ನು ನೋಡುತ್ತ ಬರುತ್ತಾರೆ.

ನಾನು ಬಡಗಿನವನು. ಮಂಗಳೂರಿನ ದಾರಿಯಲ್ಲಿ ಹಾಸನದ ಮೇಲೆ ದಾಟುವವರೆಗೆ ಬಯಲು, ತೆಂಗಿನ ತೋಟ, ಕೆರೆ. ಆಮೇಲೆ ನೆಲ ಒಮ್ಮೆಗೇ ಸುಕ್ಕುಗಟ್ಟುತ್ತದೆ. ಕಾಫಿ ತೋಟಗಳ ಮೇಲಿನ ನೆರಳು ಮರಗಳು ಮೇಲಿನಿಂದ ಹೂಕೋಸಿನ ಹಾಗೆ ಗುಬ್ಬುಗುಬ್ಬಾಗಿ ಕಾಣುತ್ತವೆ. ಅದೂ ಮುಗಿದ ಮೇಲೆ ಬಲಗಡೆ ಕುದುರೆಮುಖದ ಸಾಲು, 1,890 ಮೀಟರಿಗೂ ಎತ್ತರದ ಶಿಖರ ಅದು. ಬೆಟ್ಟದ ಬೆನ್ನೆಲ್ಲ ಬರೀ ಹುಲ್ಲು, ಮಡಿಕೆ ಮಡಿಕೆಯಲ್ಲಿ ಮಾತ್ರ ಶೋಲೆ ಕಾಡು. ನೀರು ಇಳಿಯುವ ಗೆರೆಯಲ್ಲಷ್ಟೇ ಮರ ಬೆಳೆದಿರುವುದು ಕೆಳಗೆ ನಿಂತು ನೋಡಿದರೆ ಗೊತ್ತಾಗುವುದಿಲ್ಲ, ಮೇಲಿಂದ ನೋಡಿದರೆ ಯಾರೋ ಮಡಿಕೆಗೆ ಕಪ್ಪು ಮಸಿ ಬಿಟ್ಟು ಒರೆಸಿದಂತೆ ಸ್ಪಷ್ಟ. ಮುಂದಿನ ನಿಮಿಷದಲ್ಲಿ ನೆಲ ಇಲ್ಲ. ಘಟ್ಟ ಅಲ್ಲಿಗೆ ಕಡಿದುಬಿಡುತ್ತದೆ, ಕೆಳಗೆಲ್ಲೋ ಬೆಳ್ತಂಗಡಿ ಕಡೆಯ ಅಡಿಕೆ ತೋಟಗಳು. ಅದೃಷ್ಟ ಚೆನ್ನಾಗಿದ್ದರೆ ಟಿಪ್ಪುವಿನ ಕೋಟೆಯಿರುವ ಗಡಾಯಿಕಲ್ಲು ಎಂಬ ಒಂಟಿ ಬಂಡೆಯೂ ಕಂಡೀತು. ತೆಂಕಿನವರಿಗೂ ನಷ್ಟವಿಲ್ಲ, ಅವರಿಗೆ ದೂರದಲ್ಲಿ ಕುಮಾರಪರ್ವತವಿದೆ. ಬಜಪೆಯಲ್ಲಿ ವಿಮಾನ ಸಮುದ್ರದ ಕಡೆಯಿಂದ ತಿರುಗಿ ಇಳಿದರೆ ಬಲಗಡೆಯವರಿಗೆ ಇನ್ನೊಂದು ಲಾಭವುಂಟು. ನೇತ್ರಾವತಿ, ಫಲ್ಗುಣಿ ಎರಡೂ ಸೇರಿ ಕಡಲಿಗೆ ಬೀಳುವ ಅಳಿವೆ ಅತ್ತ ಕಡೆಗೇ ಬೀಳುತ್ತದೆ.

ದಿಕ್ಕಿನ ನಂತರ ಸೂರ್ಯ. ಸೂರ್ಯನಿಗೆ ಬೆನ್ನು ಕೊಟ್ಟು ಕೂರಬೇಕು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ. ಬೆಳಿಗ್ಗೆ ದಿಲ್ಲಿಗೆ, ಅಂದರೆ ಉತ್ತರಕ್ಕೆ ಹೋಗುವ ವಿಮಾನದಲ್ಲಿ ಬಲಗಡೆ ಕೂತವರ ಕಣ್ಣಿಗೆ ಬಿಸಿಲು ಚುಚ್ಚುತ್ತದೆ, ಅರ್ಧ ಗಂಟೆಯಲ್ಲಿ ಪರದೆ ಎಳೆದುಬಿಡುತ್ತಾರೆ. ಎಡಗಡೆಯವರಿಗೆ ನೆಲವೆಲ್ಲ ಬೆಳಗಿ ಬಣ್ಣ ಬಣ್ಣವಾಗಿ ಕಾಣುತ್ತದೆ. ಬೆಟ್ಟಗುಡ್ಡದ ಮಟ್ಟಿಗೆ ಇದು ಸರಿ. ನೀರಿಗೆ ಮಾತ್ರ ಸರಿಯಲ್ಲ. ನೀರು ನೋಡಬೇಕಾದರೆ ಬಿಸಿಲಿಗೆ ಎದುರಾಗಿಯೇ ಕೂರಬೇಕು. ಇದು ನನಗೆ ಗೊತ್ತಾದದ್ದು ಒಂದು ಡಿಸೆಂಬರ್ ಬೆಳಿಗ್ಗೆ, ಕೋಲಾರದ ಮೇಲೆ.

ಅದಕ್ಕೂ ಮುಂಚೆ ಗಾಳಿಯ ವಿಷಯ ಹೇಳಿಬಿಡಬೇಕು. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ ಪಶ್ಚಿಮವಾಗಿ ಮಲಗಿವೆ. ಮಳೆಗಾಲದಲ್ಲಿ ಪಡುವಣ ಗಾಳಿ ಬೀಸುವಾಗ ವಿಮಾನಗಳು ಸಾಮಾನ್ಯವಾಗಿ ಪಶ್ಚಿಮಕ್ಕೆ ಮುಖ ಮಾಡಿ ಓಡುತ್ತವೆ. ಚಳಿಗಾಲದಲ್ಲಿ ಮೂಡಣ ಗಾಳಿ, ಆಗ ಪೂರ್ವಕ್ಕೆ. ನಂದಿಬೆಟ್ಟ ಇರುವುದು ನಿಲ್ದಾಣದ ಉತ್ತರಕ್ಕೆ, ಹೆಚ್ಚೆಂದರೆ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ. ಆದ್ದರಿಂದ ಜುಲೈನಲ್ಲಿ ನಂದಿಯನ್ನು ನೋಡಬೇಕಾದವರು ಬಲಗಡೆ ಕೂರಬೇಕು, ಜನವರಿಯಲ್ಲಿ ಎಡಗಡೆ. ನೀವು ಹೊರಟಿರುವ ಊರು ದಿಲ್ಲಿಯೋ ಕೊಚ್ಚಿಯೋ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಏರಿ ತಿರುಗುವ ಮುಂಚಿನ ಮೂರು ನಾಲ್ಕು ನಿಮಿಷದ ಮಾತು ಇದು. ಇಳಿಯುವಾಗಲೂ ಇದೇ ಲೆಕ್ಕ. ಜುಲೈನಲ್ಲಿ ನಂದಿ ಮೋಡದೊಳಗೆ ಇರುತ್ತದೆ ಎಂಬುದು ಬೇರೆ ವಿಷಯ.

ಆ ಡಿಸೆಂಬರಿನಲ್ಲಿ ನಾನು ಕೋಲ್ಕತ್ತಕ್ಕೆ ಹೊರಟಿದ್ದೆ. ಎಡಗಡೆ ನಂದಿ ಸಿಗುತ್ತಿತ್ತು, ಆದರೆ ಎಡಗಡೆಯ ಸೀಟೆಲ್ಲ ಹೋಗಿಬಿಟ್ಟಿದ್ದವು. ಬೇಸರದಿಂದಲೇ ಬಲಗಡೆ ಕೂತೆ. ಚಳಿಗಾಲದ ಸೂರ್ಯ ಹುಟ್ಟುವುದೂ ಆಗ್ನೇಯಕ್ಕೆ ಸರಿದೇ. ಪೂರ್ವಕ್ಕೆ ಏರಿದ ವಿಮಾನದ ಬಲ ಕಿಟಕಿಗೆ ಅದು ನೇರ ಎದುರು. ಕಣ್ಣು ಕಿರಿದು ಮಾಡಿಕೊಂಡು ಕೆಳಗೆ ನೋಡಿದೆ. ಹೊಸಕೋಟೆಯಾಚೆಗೆ ಮಂಜು ಇನ್ನೂ ನೆಲದ ಮೇಲೆ ತೆಳ್ಳಗಿತ್ತು. ಅದರ ನಡುವೆ ಒಂದು ಕೆರೆ ಥಟ್ಟನೆ ಹೊತ್ತಿಕೊಂಡಿತು. ಕರಗಿದ ಬೆಳ್ಳಿ, ದಿಟ್ಟಿಸಲಾಗದಷ್ಟು. ಎರಡೇ ಕ್ಷಣ. ಅದು ಆರಿತು, ಪಕ್ಕದ್ದು ಹೊತ್ತಿತು. ಅದರಾಚೆಯದು. ಮತ್ತೆ ಅದರ ಕೆಳಗಿನದು. ವಿಮಾನದ ಓಟದ ಜೊತೆಗೇ ಸೂರ್ಯನ ಪ್ರತಿಫಲನವೂ ನೆಲದ ಮೇಲೆ ಓಡುತ್ತಿರುತ್ತದೆ, ಅದು ಯಾವ ನೀರಿನ ಮೇಲೆ ಬೀಳುತ್ತದೋ ಆ ನೀರು ಉರಿಯುತ್ತದೆ. ಸೂರ್ಯನಿಗೆ ಬೆನ್ನು ಕೊಟ್ಟವರಿಗೆ ಇದೇ ಕೆರೆಗಳು ಮಣ್ಣು ಬಣ್ಣದ ಹಾಳೆ ಅಷ್ಟೆ.

ನೆಲದ ಮೇಲೆ ಒಂದೊಂದು ಕೆರೆ ಒಂದೊಂದು ಊರಿನದು. ಮೇಲಿನಿಂದ ನೋಡಿದರೆ ಅವು ಬಿಡಿಬಿಡಿಯಲ್ಲ, ಮಣಿಸರ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ. ಕೆರೆಯನ್ನು ಓದುವುದನ್ನೂ ಕಿಟಕಿಯಿಂದಲೇ ಕಲಿಯಬಹುದು. ಮೂರು ಕಡೆ ದಡ ಹರಿದ ಬಟ್ಟೆಯಂತೆ ಅಂಕುಡೊಂಕಾಗಿರುತ್ತದೆ, ಒಂದು ಕಡೆ ಮಾತ್ರ ಬಿಲ್ಲಿನಂತೆ ನೀಟಾಗಿ ಬಾಗಿರುತ್ತದೆ. ಆ ನೀಟಾದ ಅಂಚೇ ಏರಿ. ಏರಿಯ ಹಿಂಬದಿಗೆ ಹಸಿರಿನ ಬೀಸಣಿಗೆ ಬಿಚ್ಚಿಕೊಂಡಿದ್ದರೆ ಅದು ಅಚ್ಚುಕಟ್ಟು, ತೂಬಿನ ನೀರು ಇನ್ನೂ ಗದ್ದೆಗೆ ಹೋಗುತ್ತಿದೆ ಎಂದರ್ಥ. ಹಸಿರಿಲ್ಲದೆ ಚೌಕ ಚೌಕ ಗೆರೆಗಳಿದ್ದರೆ ಲೇಔಟ್ ಬಂದಿದೆ. ಅವಿಭಜಿತ ಕೋಲಾರ ಕೆರೆಗಳ ಜಿಲ್ಲೆ ಎಂದು ಪಾಠದಲ್ಲಿ ಬಾಯಿಪಾಠ ಮಾಡಿದ್ದೆವು. ಅದು ಎಂಥ ಮಾತು ಎಂದು ತಿಳಿಯಲು ನನಗೆ ಅಷ್ಟು ಎತ್ತರಕ್ಕೆ ಏರಬೇಕಾಯಿತು. ಅವುಗಳಲ್ಲಿ ಎಷ್ಟೋ ಕೆರೆಗಳು ವರ್ಷಗಟ್ಟಲೆ ಒಣಗಿ ಜಾಲಿ ಬೆಳೆದುಕೊಂಡಿದ್ದವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಅತ್ತ ಹರಿಸುತ್ತಿದ್ದಾರೆ. ಹಾಗಾಗಿ ಆ ಬೆಳಿಗ್ಗೆ ಹೊಳೆದ ಬೆಳ್ಳಿಯಲ್ಲಿ ನಮ್ಮ ಬಚ್ಚಲ ನೀರಿನ ಪಾಲೂ ಇತ್ತು.

ಒಂದು ಎಚ್ಚರಿಕೆ. ಹೊಸಕೋಟೆ, ದೊಡ್ಡಬಳ್ಳಾಪುರದ ಕಡೆ ಬೆಳ್ಳಗೆ ಹೊಳೆಯುವುದೆಲ್ಲ ನೀರಲ್ಲ. ಹೂವು, ದೊಣ್ಣೆಮೆಣಸಿನಕಾಯಿ ಬೆಳೆಯುವ ಪಾಲಿಹೌಸ್‌ಗಳ ಪ್ಲಾಸ್ಟಿಕ್ಕೂ ಹೊಳೆಯುತ್ತದೆ. ನೀರಿನ ಹೊಳಪು ಒಂದೇ ಕೋನಕ್ಕೆ ಕಂಡು ಮಾಯವಾಗುತ್ತದೆ. ಪ್ಲಾಸ್ಟಿಕ್ ಎತ್ತಲಿಂದ ನೋಡಿದರೂ ಬಿಳಿಯೇ.

ಸಣ್ಣ ವಿಮಾನವೆಂದರೆ ಮೂಗು ಮುರಿಯುವವರಿದ್ದಾರೆ, ನಾನು ಆ ಪೈಕಿ ಅಲ್ಲ. ಎಟಿಆರ್ 72 ಎಂಬ ಪಂಖದ ವಿಮಾನಕ್ಕೆ ರೆಕ್ಕೆ ಇರುವುದು ನೆತ್ತಿಯ ಮೇಲೆ. ಕಿಟಕಿಯ ಕೆಳಗೆ ಅಡ್ಡ ಬರುವಂಥದ್ದು ಇಲ್ಲ. ಅದು 25,000 ಅಡಿಗಿಂತ ಮೇಲೆ ಹೋಗುವುದಿಲ್ಲ, ಹೋಗುವುದೂ ನಿಧಾನ. ನಡುವಿನ ಸಾಲುಗಳಲ್ಲಿ ಎಂಜಿನ್ನಿನ ಮೂತಿ, ಪಂಖ ಕಣ್ಣಿಗೆ ಬೀಳುತ್ತವೆ, ಸದ್ದೂ ಜೋರು. ಅವನ್ನು ಬಿಟ್ಟು ಹಿಂದೆ ಕೂತರೆ ಚಕ್ರ ಹೊಟ್ಟೆಯಿಂದ ಹೊರಬಂದು ನೆಲ ಮುಟ್ಟಿ ಹೊಗೆಯೆಬ್ಬಿಸುವುದನ್ನು ಕಣ್ಣಾರೆ ನೋಡಬಹುದು. ನನ್ನ ಎಂಟು ವರ್ಷದ ಸೋದರಳಿಯನಿಗೆ ಬೆಟ್ಟ, ಕೆರೆ ಯಾವುದೂ ಬೇಡ, ಅದೊಂದು ಸಾಕು.

ಶಿವಮೊಗ್ಗದ ಸೋಗಾನೆ ನಿಲ್ದಾಣ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಗಿ, ಆಗಸ್ಟ್ ಕೊನೆಗೆ ಬೆಂಗಳೂರಿನಿಂದ ಎಟಿಆರ್ ಶುರುವಾದಾಗ ರೈಲು ಬಿಟ್ಟು ಇದಕ್ಕೆ ಹತ್ತಿದವರಲ್ಲಿ ನಾನೂ ಒಬ್ಬ. ವಾಯವ್ಯಕ್ಕೆ ಹೋಗುವ ದಾರಿ. ಎಡಗಡೆ ಕೂತರೆ ಬಾಬಾಬುಡನ್‌ಗಿರಿ ಸಾಲು, ಮುಳ್ಳಯ್ಯನಗಿರಿ. ಇನ್ನೇನು ಇಳಿಯಬೇಕು ಎನ್ನುವಾಗ ಲಕ್ಕವಳ್ಳಿಯ ಭದ್ರಾ ಜಲಾಶಯ. ಮಳೆ ಮುಗಿದ ತಿಂಗಳಲ್ಲಿ ತುಂಬಿದ ನೀರು ಕಾಡಿನ ಪ್ರತಿಯೊಂದು ಕಣಿವೆಗೂ ಬೆರಳು ತೂರಿಸಿಕೊಂಡು ಕೂತಿರುತ್ತದೆ, ಗುಡ್ಡದ ನೆತ್ತಿಗಳು ನಡುಗಡ್ಡೆಗಳಾಗಿರುತ್ತವೆ. ಕಾರಿನಲ್ಲಿ ಹೋದರೆ ಅಣೆಕಟ್ಟೆಯ ಗೋಡೆ ನೋಡಿ ಬರುತ್ತೇವೆ. ನೀರು ಎಲ್ಲೆಲ್ಲಿ ಹೊಕ್ಕಿದೆ ಎಂದು ನೋಡಲು ಹೀಗೇ ಹೋಗಬೇಕು. ಬರುವಾಗ ಬಲ ಕಿಟಕಿ, ನೆನಪಿರಲಿ.

ಉಳಿದ ದಾರಿಗಳನ್ನು ಚುಟುಕಾಗಿ ಹೇಳುತ್ತೇನೆ. ಕೊಚ್ಚಿಗೆ ಹೋಗುವಾಗ ನೀಲಗಿರಿ ಸಾಮಾನ್ಯವಾಗಿ ಬಲಕ್ಕೆ. ಮುಂಬೈಯಿಂದ ವಿಮಾನ ಪಶ್ಚಿಮಕ್ಕೆ, ಅಂದರೆ ಕಡಲ ಕಡೆಗೆ ಏರಿದರೆ ಬಾಂದ್ರಾ–ವರ್ಲಿ ಸೇತುವೆ ಎಡಕ್ಕೆ. ದಿಲ್ಲಿಯ ದಾರಿಯಲ್ಲಿ ಕೃಷ್ಣೆ, ಗೋದಾವರಿ, ನರ್ಮದೆ ಮೂರನ್ನೂ ದಾಟುತ್ತೀರಿ, ಎಡ ಬಲ ಯಾವುದಾದರೂ ಸರಿ, ನಿದ್ದೆ ಮಾಡದಿದ್ದರೆ ಸಾಕು. ಇವೆಲ್ಲ ನಕ್ಷೆಯ ಮೇಲೆ ಗೆರೆ ಎಳೆದು ಹೇಳುವ ಮಾತು. ಪೈಲಟ್ ಆ ಗೆರೆಯ ಮೇಲೆ ಹಾರಬೇಕೆಂದೇನೂ ಇಲ್ಲ. ಮೋಡ ಅಡ್ಡ ಬಂದರೆ ಸುತ್ತು ಹಾಕುತ್ತಾರೆ, ನಿಯಂತ್ರಣ ಕೊಠಡಿಯವರು ಹೇಳಿದ ಕಡೆ ತಿರುಗುತ್ತಾರೆ. ಅನುಮಾನವಿದ್ದರೆ ಫ್ಲೈಟ್‌ರಾಡಾರ್24ರಲ್ಲಿ ಅದೇ ಸಂಖ್ಯೆಯ ವಿಮಾನ ನಿನ್ನೆ ಮೊನ್ನೆ ಯಾವ ದಾರಿಯಲ್ಲಿ ಹೋಗಿದೆ ಎಂದು ನೋಡಿಕೊಳ್ಳಿ. ಹಾರುವಾಗ ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ನಕ್ಷೆಯನ್ನು ಮೊದಲೇ ಇಳಿಸಿಕೊಂಡು ಫೋನನ್ನು ಕಿಟಕಿಗೆ ಹತ್ತಿರ ಹಿಡಿದರೆ ಕೆಳಗಿನ ಊರು ಯಾವುದೆಂದು ಅದೇ ಹೇಳುತ್ತದೆ.

ಇನ್ನು ಹಿಮಾಲಯ. ಅಲ್ಲಿ ಸೀಟು ತಪ್ಪಿದರೆ ಆಗುವ ನಷ್ಟ ದೊಡ್ಡದು. ಪರ್ವತಗಳೆಲ್ಲ ಇರುವುದು ಉತ್ತರಕ್ಕೆ, ಆದ್ದರಿಂದ ಪೂರ್ವಕ್ಕೆ ಹೋಗುವಾಗ ಎ, ಪಶ್ಚಿಮಕ್ಕೆ ಬರುವಾಗ ಎಫ್. ದಿಲ್ಲಿಯಿಂದ ಕಠ್ಮಂಡುವಿಗೆ ಹೋಗುವವರು ಎಡಗಡೆ ಕೂತರೆ ಧವಳಗಿರಿ, ಅನ್ನಪೂರ್ಣ, ಮನಾಸ್ಲು ಒಂದಾದ ಮೇಲೊಂದು ಬರುತ್ತವೆ. ಲೇಹ್‌ಗೆ ಬೆಳಿಗ್ಗೆ ಹೋಗುವ ವಿಮಾನದಲ್ಲಿ ಎರಡೂ ಕಡೆ ಹಿಮವೇ. ಆದರೂ ಸೂರ್ಯ ಬಲಕ್ಕಿರುತ್ತಾನೆ, ನೂನ್–ಕೂನ್ ಜೋಡಿ ಶಿಖರ ಎಡಕ್ಕೆ. ನನ್ನ ಮತ ಎಡಕ್ಕೇ.

ನಾಲ್ಕು ವರ್ಷದ ಹಿಂದೆ ನವೆಂಬರಿನಲ್ಲಿ ಬೆಂಗಳೂರಿನಿಂದ ಬಾಗ್‌ಡೋಗ್ರಾಕ್ಕೆ ಹೊರಟಾಗ ಪಕ್ಕದ ಬಿ ಸೀಟಿನಲ್ಲಿ ಹಾವೇರಿ ಕಡೆಯ ಹಿರಿಯರೊಬ್ಬರಿದ್ದರು. ಬಿಳಿ ಟೋಪಿ, ಧೋತರ, ಮೇಲೆ ಮಗ ಕೊಡಿಸಿದ ಹೊಸ ಸ್ವೆಟರ್. ಊರಿನ ಹದಿನೈದು ಮಂದಿಯ ಜೊತೆ ಡಾರ್ಜಿಲಿಂಗಿಗೆ ಹೊರಟಿದ್ದರು. ಎರಡು ಗಂಟೆಯ ತನಕ ಮಾತಿಲ್ಲ. ಆಮೇಲೆ ನನ್ನ ಭುಜದ ಮೇಲಿಂದ ಬಾಗಿ ನೋಡಿ ಕೇಳಿದರು:

‘ಅದೇನ್ರೀ ಸಾಹೇಬ್ರ, ಅಲ್ಲಿ ಒಂದ್ ಮೋಡ ಆಗಿಂದ ಹಂಗ ನಿಂತೈತಿ. ಸರೀವಲ್ದಲ್ಲ?’

‘ಅದು ಮೋಡ ಅಲ್ರೀ ಯಜಮಾನ್ರೇ. ಕಾಂಚನಜುಂಗಾ.’

ಅವರು ನಂಬಲಿಲ್ಲ. ನಂಬುವುದು ಕಷ್ಟವೇ. ಬೆಟ್ಟವನ್ನು ನಾವು ತಲೆಯೆತ್ತಿ ನೋಡಿ ಅಭ್ಯಾಸ, ಇಲ್ಲವೇ ವಿಮಾನದಿಂದ ತಲೆ ತಗ್ಗಿಸಿ. ಇದು ಎದುರಾಎದುರು, ನಮ್ಮ ಮಟ್ಟಕ್ಕೇ ನಿಂತಿತ್ತು. 8,586 ಮೀಟರ್ ಎಂದರೆ 28,000 ಅಡಿಗೂ ಹೆಚ್ಚು. ಇಳಿಯಲು ತೊಡಗಿದ ವಿಮಾನಕ್ಕಿಂತ ಸ್ವಲ್ಪ ಹೊತ್ತಿನಲ್ಲಿ ಅದೇ ಎತ್ತರವಾಗಿಬಿಡುತ್ತದೆ. ಕೆಳಗೆಲ್ಲ ಮಬ್ಬು, ಬುಡವೇ ಕಾಣದು, ಮೇಲರ್ಧ ಮಾತ್ರ ಗಾಳಿಯಲ್ಲಿ ತೇಲಿದಂತಿತ್ತು. ಯಜಮಾನರಿಗೆ ನನ್ನ ಸೀಟು ಬಿಟ್ಟುಕೊಟ್ಟೆ. ಅವರು ಹಣೆಯನ್ನು ಕಿಟಕಿಗೆ ಒತ್ತಿ ಬಹಳ ಹೊತ್ತು ನೋಡಿ, ತಮ್ಮಷ್ಟಕ್ಕೆ ಅಂದರು: ‘ಹೊಲದ ಬದುವಿನ ಕಲ್ಲಿಗೆ ಸುಣ್ಣಾ ಬಳದಂಗ ಬಳದಾರ ನೋಡ್ರಿ. ಇದು ಯಾರ್ ಹೊಲದ ಬದು?’

ಎವರೆಸ್ಟ್ ಕೂಡ ಅದೇ ಕಿಟಕಿಯಲ್ಲಿತ್ತು, ಇನ್ನಷ್ಟು ಎಡಕ್ಕೆ, ದೂರ. ತೋರಿಸಿದರೆ ಅವರಿಗೆ ಹಿಡಿಸಲಿಲ್ಲ. ತಪ್ಪು ಅವರದಲ್ಲ. ದಕ್ಷಿಣದಿಂದ ನೋಡುವವರಿಗೆ ಎವರೆಸ್ಟಿನ ಮುಂದೆ ಲೋತ್ಸೆ, ನುಪ್ತ್ಸೆಗಳ ಗೋಡೆ ಅಡ್ಡ ನಿಂತಿರುತ್ತದೆ, ಹಿಂದಿನಿಂದ ಕಪ್ಪು ತ್ರಿಕೋನವೊಂದು ಇಣುಕುತ್ತದೆ ಅಷ್ಟೆ. ಹತ್ತಿರದ ಮಕಾಲು ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಬೆಳ್ಳಗೆ ಇರುವುದನ್ನೇ ಎವರೆಸ್ಟ್ ಎಂದುಕೊಂಡು ಫೋಟೊ ಹಿಡಿದು ಮನೆಗೆ ಕಳಿಸಿದವರು ಆ ವಿಮಾನದಲ್ಲಿ ಹತ್ತು ಜನವಾದರೂ ಇದ್ದರು. ನಾನು ತಿದ್ದಲು ಹೋಗಲಿಲ್ಲ.

ಎಷ್ಟು ದೂರ ಕಾಣುತ್ತದೆ ಎಂದು ಕೇಳುವವರಿಗೆ ಒಂದು ಲೆಕ್ಕ ಇದೆ. 35,000 ಅಡಿ ಎತ್ತರದಿಂದ ದಿಗಂತ ಸುಮಾರು 370 ಕಿ.ಮೀ. ದೂರ. ಬೆಂಗಳೂರಿನಿಂದ ಪಶ್ಚಿಮ ಕರಾವಳಿಯೂ ಪೂರ್ವ ಕರಾವಳಿಯೂ ಅದಕ್ಕಿಂತ ಹತ್ತಿರ. ಅಂದರೆ ನಮ್ಮ ತಲೆಯ ಮೇಲೆ ಹಾರುವ ವಿಮಾನದಿಂದ ಎ ಕಿಟಕಿಗೆ ಒಂದು ಸಮುದ್ರ, ಎಫ್ ಕಿಟಕಿಗೆ ಇನ್ನೊಂದು ಸಮುದ್ರ ಕಾಣಬೇಕು. ಲೆಕ್ಕದಲ್ಲಿ. ನಿಜದಲ್ಲಿ ಧೂಳು, ಹೊಗೆ, ಮಬ್ಬು ಅಷ್ಟು ದೂರ ಬಿಡುವುದಿಲ್ಲ. ಮಾರ್ಚಿನಿಂದ ಮೇ ತನಕ ಕೆಳಗಿನ ಹೊಲವೂ ಮಸುಕು. ಮಳೆ ಗಾಳಿಯನ್ನು ತೊಳೆದು ಹೋದ ಮೇಲೆ, ಅಕ್ಟೋಬರ್ ನವೆಂಬರಿನ ಬೆಳಿಗ್ಗೆ ಏಳು ಎಂಟರ ವಿಮಾನವೇ ಸರಿ. ಮಧ್ಯಾಹ್ನ ಹನ್ನೆರಡಕ್ಕೆ ನೆರಳಿಲ್ಲ. ನೆರಳಿಲ್ಲದೆ ಗುಡ್ಡವೂ ಚಪಾತಿಯೇ.

ಕಿಟಕಿಯ ಬಗ್ಗೆಯೇ ನಾಲ್ಕು ಮಾತು. ನಾವು ಗಾಜು ಅನ್ನುತ್ತೇವೆ, ಅದು ಗಾಜಲ್ಲ, ಅಕ್ರಿಲಿಕ್. ಮೂರು ಪದರ. ಒತ್ತಡವನ್ನು ತಡೆಯುವುದು ಹೊರಗಿನದು, ನಡುವಿನದು ಅದಕ್ಕೆ ಬದಲಿ, ನಮ್ಮ ಕೈಗೆ ಸಿಗುವ ಒಳಗಿನದು ಬರೀ ಗೀರು ಬೀಳದಿರಲೆಂದು. ನಡುವಿನ ಪದರದ ಕೆಳಭಾಗದಲ್ಲಿ ಸಣ್ಣದೊಂದು ತೂತಿದೆ. ಒಳಗಿನ ಗಾಳಿಯ ಒತ್ತಡ ಹೊರಪದರಕ್ಕೆ ತಲುಪಲು ಆ ತೂತು ಬೇಕು. ಎತ್ತರದಲ್ಲಿ ಅದರ ಸುತ್ತ ಹಿಮದ ಹರಳು ಹುಟ್ಟಿ ರಂಗೋಲಿಯ ಎಳೆ ಬಿಡಿಸುತ್ತದೆ. ಕಿಟಕಿಗಳ ಮೂಲೆ ದುಂಡಗಿರುವುದಕ್ಕೂ ಕಾರಣವಿದೆ. 1954ರಲ್ಲಿ ಜನವರಿಯಲ್ಲೊಂದು, ಏಪ್ರಿಲಿನಲ್ಲೊಂದು ಬ್ರಿಟನ್ನಿನ ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದುಹೋದವು. ತನಿಖೆಗೆಂದು ಇಡೀ ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು ಮತ್ತೆ ಮತ್ತೆ ಒತ್ತಡ ಕೊಟ್ಟು ನೋಡಿದರು. ಚೌಕ ಬಗೆಯ ಕಂಡಿಗಳ ಮೂಲೆಯಲ್ಲಿ ಬಲ ಕೂಡಿಕೊಂಡು ಲೋಹ ದಣಿದು ಬಿರುಕು ಬಿಡುತ್ತದೆ ಎಂಬುದು ಆಗ ಗಟ್ಟಿಯಾಯಿತು.

ಕೆಳಗೆ ಮೋಡ ಹಾಸಿಬಿಟ್ಟಿದೆ, ನೆಲವೇ ಕಾಣದು ಎಂದು ಪರದೆ ಎಳೆಯಬೇಡಿ. ಸೂರ್ಯ ಆಚೆ ಕಡೆಗಿದ್ದು ನೀವು ನೆರಳಿನ ಬದಿಯಲ್ಲಿದ್ದರೆ ಕೆಳಗಿನ ಮೋಡದ ಮೇಲೆ ವಿಮಾನದ ನೆರಳು ಹುಡುಕಿ. ಅದರ ಸುತ್ತ ಬಣ್ಣದ ಬಳೆ ಇರುತ್ತದೆ, ಹೊರಗೆ ಕೆಂಪು, ಒಳಗೆ ನೀಲಿ. ಕೆಲವೊಮ್ಮೆ ಒಂದರೊಳಗೊಂದು ಎರಡು ಮೂರು. ಮೋಡದ ಹನಿಗಳು ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸುವಾಗ ಮೂಡುವ ಚಿತ್ರ ಇದು. ದೇವರ ವಿಗ್ರಹದ ಹಿಂದಿನ ಪ್ರಭಾವಳಿ ಎಂದರೆ ನಮಗೆ ಬೇಗ ತಿಳಿಯುತ್ತದೆ. ನೆರಳು ದೊಡ್ಡದಾಗಿದ್ದಾಗ ಗಮನಿಸಿ, ಪ್ರಭಾವಳಿಯ ನಡುಬಿಂದು ವಿಮಾನದ ನೆರಳಿನ ಮಧ್ಯಕ್ಕೇ ಇರಬೇಕೆಂದಿಲ್ಲ. ಅದು ನೀವು ಕೂತಿರುವ ಜಾಗದ ನೆರಳಿನ ಮೇಲಿರುತ್ತದೆ. ಮೂರನೇ ಸಾಲಿನವರಿಗೆ ಮೂರನೇ ಸಾಲು, ಇಪ್ಪತ್ತೈದನೆಯವರಿಗೆ ಇಪ್ಪತ್ತೈದು. ಪ್ರತಿಯೊಬ್ಬರಿಗೂ ಅವರವರ ತಲೆಯ ಸುತ್ತಲೇ ಪ್ರಭಾವಳಿ! 1894ರಲ್ಲಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ಮೇಲೆ ಇದನ್ನು ಕಂಡ ಸಿ.ಟಿ.ಆರ್. ವಿಲ್ಸನ್, ಇಂಥ ಮೋಡವನ್ನು ಪ್ರಯೋಗಾಲಯದಲ್ಲೇ ಮಾಡಿ ನೋಡಲು ಹೊರಟರು. ಆ ಹಟದಿಂದ ಹುಟ್ಟಿದ ಮೋಡದ ಪೆಟ್ಟಿಗೆಯಲ್ಲಿ ಕಣ್ಣಿಗೆ ಕಾಣದ ಕಣಗಳ ಜಾಡು ಕಂಡಿತು, 1927ರಲ್ಲಿ ಅವರಿಗೆ ನೊಬೆಲ್ ಬಂತು.

ಅಮೆರಿಕದಲ್ಲಿರುವ ನಮ್ಮವರಿಗೂ ಒಂದು ಮಾತು. ಚಳಿಗಾಲದ ರಾತ್ರಿ ಅಲ್ಲಿಂದ ಯುರೋಪಿನ ಮೂಲಕ ಊರಿಗೆ ಹೊರಟರೆ ಎಡ ಕಿಟಕಿ ಹಿಡಿಯಿರಿ, ಉತ್ತರ ಆ ಕಡೆ. ಧ್ರುವಪ್ರಭೆ ಇದ್ದರೆ ಅಲ್ಲೇ ಇರುತ್ತದೆ. ತಲೆಯ ಮೇಲೆ ಕಂಬಳಿ ಹೊದ್ದು ಒಳಗಿನ ದೀಪದ ಬೆಳಕನ್ನು ಮರೆ ಮಾಡಿಕೊಂಡು ನೋಡಬೇಕು. ಪಕ್ಕದವರು ಏನಾದರೂ ಅಂದುಕೊಳ್ಳಲಿ.

ನನಗೊಂದು ದೂರು ಇದೆ. ಈಚೆಗೆ ಕಿಟಕಿ ಸೀಟು ಹಿಡಿಯುವವರಲ್ಲಿ ಅರ್ಧ ಜನ ಕೂತ ಕೂಡಲೆ ಪರದೆ ಎಳೆದು ಮೊಬೈಲಿನಲ್ಲಿ ಸಿನಿಮಾ ನೋಡುತ್ತಾರೆ. ತಲೆ ಆನಿಸಲು ಗೋಡೆ ಬೇಕಂತೆ. ಅಂಥವರಿಗೆಂದೇ 11-ಎ ಇದೆ, ಅದನ್ನು ಅವರಿಗೆ ಮೀಸಲಿಡಬಾರದೆ? ಬೋಯಿಂಗ್ 787ರಲ್ಲಂತೂ ಎಳೆಯುವ ಪರದೆಯೇ ಇಲ್ಲ, ಕಿಟಕಿ ದೊಡ್ಡದು ಎಂದು ಹಿಗ್ಗುವಷ್ಟರಲ್ಲಿ ಸಿಬ್ಬಂದಿ ಒಂದು ಗುಂಡಿ ಒತ್ತಿ ಇಡೀ ವಿಮಾನದ ಕಿಟಕಿಗಳನ್ನು ಕಡುನೀಲಿ ಮಾಡಿಬಿಡುತ್ತಾರೆ. ಏರುವಾಗ, ಇಳಿಯುವಾಗ ಪರದೆ ತೆರೆಸುತ್ತಾರಲ್ಲ, ಅದು ನಮ್ಮ ಸೊಬಗಿಗಲ್ಲ. ಅವಘಡವಾದರೆ ಯಾವ ಕಡೆ ಬೆಂಕಿಯಿದೆ ಎಂದು ಹೊರಗೆ ನೋಡಿ ತಿಳಿಯಲು. ರಕ್ಷಣಾ ನೆಲೆಗಳಲ್ಲಿ ಇದಕ್ಕೆ ತದ್ವಿರುದ್ಧವೂ ಉಂಟು. 2025ರ ಮೇ ತಿಂಗಳಲ್ಲಿ ಪಶ್ಚಿಮ ಗಡಿಯ ಬಳಿಯ ಅಂಥ ನಿಲ್ದಾಣಗಳಲ್ಲಿ 10,000 ಅಡಿ ದಾಟುವವರೆಗೆ ಪರದೆ ಮುಚ್ಚಿರಬೇಕೆಂದು ಆದೇಶ ಬಂತು. ಬಾಗ್‌ಡೋಗ್ರಾ, ಪುಣೆ ಮುಂತಾದ ಕಡೆಯೂ ನಿಲ್ದಾಣದ ಫೋಟೊ ತೆಗೆಯುವಂತಿಲ್ಲ. ಅಲ್ಲಿ ಹೇಳಿದಂತೆ ಕೇಳಬೇಕು, ವಾದ ಮಾಡುವ ಜಾಗವಲ್ಲ.

ಬಾಗ್‌ಡೋಗ್ರಾದಲ್ಲಿ ಇಳಿಯುವಾಗ ಆ ಯಜಮಾನರು ನನ್ನ ಕೈ ಹಿಡಿದು, ‘ಹೊಳ್ಳಿ ಬರಾಗ ಯಾ ಕಡೆ ಕುಂದರಬೇಕ್ರಿ?’ ಎಂದು ಕೇಳಿದ್ದರು. ಬಲಗಡೆ ಎಂದಿದ್ದೆ. ಅವರ ಗುಂಪಿನ ಟಿಕೆಟ್ ಮಾಡಿಸಿದವನು ಹದಿನೈದು ಜನರನ್ನೂ ಎಲ್ಲಿ ಕೂರಿಸಿದನೋ ತಿಳಿಯದು.

ಬರುವ ಅಕ್ಟೋಬರಿನಲ್ಲಿ ನಾನು ಮಂಗಳೂರಿಗೆ ಹೋಗುವವನಿದ್ದೇನೆ, ಬೆಳಗಿನ ವಿಮಾನ. 4-ಎಫ್ ಕಾದಿರಿಸಿದ್ದಾಗಿದೆ. ನಿನ್ನೆ ನೋಡಿದಾಗ 3-ಎಫ್, 5-ಎಫ್ ಎರಡೂ ಖಾಲಿ ಇದ್ದವು.